ಇನ್ನೂರು ರೂಪಾಯಿ, ಎರಡು ತಾಸು, ಇಬ್ಬರೇ: ವಿಜಯಪುರದ ಜೋಡಿಗಳಿಗೊಂದು ಸಮಗ್ರ ಮಾರ್ಗದರ್ಶಿ

ವಿಜಯಪುರದಲ್ಲಿ ಹುಟ್ಟಿ ಬೆಳೆದವರಲ್ಲಿ ಗೋಳಗುಮ್ಮಟ ನೋಡದವರು ಸಿಗುವುದು ಕಷ್ಟ. ಶಾಲೆಯಿಂದ ಸಾಲಾಗಿ ಹೋಗಿರುತ್ತೇವೆ, ರಜೆಗೆ ಬಂದ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೇವೆ, ಮದುವೆಗೆ ಬಂದ ಬೀಗರಿಗೆ ತೋರಿಸಿರುತ್ತೇವೆ. ಆದರೆ ಗಂಡ ಹೆಂಡತಿ ಇಬ್ಬರೇ, ಯಾರಿಗೂ ತೋರಿಸುವ ಹೊಣೆ ಇಲ್ಲದೆ ಹೋದವರು ಬಹಳ ಕಡಿಮೆ. ಊರೊಳಗಿನ ಬೇರೆ ಜಾಗಗಳ ಕತೆಯೂ ಇದೇ. ಜೋಡಿಯಾಗಿ ಹೊತ್ತು ಕಳೆಯಬೇಕೆಂದರೆ ಮಹಾಬಳೇಶ್ವರಕ್ಕೋ ಗೋವಾಕ್ಕೋ ಹೋಗಬೇಕು, ಅದಕ್ಕೆ ರೊಕ್ಕ ಕೂಡಬೇಕು, ರಜೆ ಸಿಗಬೇಕು ಎಂದು ಮುಂದೂಡುತ್ತ ವರ್ಷಗಳು ಹೋಗುತ್ತವೆ.

ನಾನು ಹೇಳುವುದು ಇಷ್ಟೇ: ಊರಿನಲ್ಲಿ ಕಣ್ಣಿಗೆ ಬಿದ್ದೂ ಬಿದ್ದೂ ಹಳತಾದ ಜಾಗಕ್ಕೆ ಇಬ್ಬರೇ ಹೋಗಿ. ಒಂದು ಸಲಕ್ಕೆ ಒಂದೇ ಜಾಗ, ಅಲ್ಲಿ ಇಬ್ಬರೂ ಸೇರಿ ಮಾಡುವ ಒಂದೇ ಕೆಲಸ. ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬಾಗಲಕೋಟೆಯವರು, ಬೆಳಗಾವಿಯವರು ಜಾಗದ ಹೆಸರು ಬದಲಿಸಿಕೊಂಡರೆ ಸಾಕು.

ಹೆಜ್ಜೆ 1: ಹೊತ್ತು ಗೊತ್ತು ಮಾಡಿ

ನಮ್ಮ ಊರಿನಲ್ಲಿ ಜಾಗಕ್ಕಿಂತ ಮೊದಲು ಹೊತ್ತು ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಕುಳಿತು ಪ್ರೀತಿಯ ಮಾತು ಬರುವುದಿಲ್ಲ, ತಲೆನೋವು ಬರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ, ಇಲ್ಲವೇ ರಾತ್ರಿ ಮಾಳಿಗೆಯ ಮೇಲೆ. ಮಳೆಗಾಲದಲ್ಲೂ ಚಳಿಗಾಲದಲ್ಲೂ ಸಂಜೆ ನಾಲ್ಕರಿಂದ ಆರು. ಎರಡು ತಾಸು ಸಾಕು. ಇಡೀ ದಿನ ಎಂದು ಹಟ ಹಿಡಿದರೆ ಆ ದಿನ ಬರುವುದೇ ಇಲ್ಲ.

ಭಾನುವಾರ ಬೇಡ. ಅಂದು ಸ್ಮಾರಕಗಳಲ್ಲಿ ಗದ್ದಲ, ಮನೆಯಲ್ಲಿ ಅತಿಥಿಗಳು. ವಾರದ ನಡುವಿನ ಒಂದು ದಿನ ಅಂಗಡಿಯಿಂದಲೋ ಆಫೀಸಿನಿಂದಲೋ ಒಂದು ತಾಸು ಬೇಗ ಹೊರಡುವುದು ಸಾಧ್ಯವಿದ್ದರೆ ಅದೇ ಉತ್ತಮ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಆ ಎರಡು ತಿಂಗಳು ಗೋಳಗುಮ್ಮಟ ಬಿಟ್ಟು ಬೇರೆ ಜಾಗ ಆರಿಸಿಕೊಳ್ಳಿ.

ಹೆಜ್ಜೆ 2: ಮನೆಯಲ್ಲಿ ನೇರವಾಗಿ ಹೇಳಿ

ಕೂಡು ಕುಟುಂಬದಲ್ಲಿ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಬಹಳ ಮಂದಿ ಏನೋ ನೆಪ ಹೇಳಿ ಹೊರಡುತ್ತಾರೆ: ಬ್ಯಾಂಕಿಗೆ, ಸಂತೆಗೆ, ದವಾಖಾನೆಗೆ. ನೆಪ ಹೇಳಿದರೆ ಅದರ ಬೆನ್ನಿಗೆ ಕೆಲಸವೂ ಬರುತ್ತದೆ. "ಹೆಂಗೂ ಸಂತಿಗೆ ಹೊಂಟೀರಿ, ಎರಡ ಕಿಲೋ ಉಳ್ಳಾಗಡ್ಡಿ ತಗೊಂಡು ಬರ್ರಿ" ಎನ್ನುತ್ತಾರೆ. ಮುಗಿಯಿತು, ಆ ಎರಡು ತಾಸು ಚೀಲಕ್ಕೆ ಹೋಯಿತು.

ಅದರ ಬದಲು ಹಿಂದಿನ ದಿನವೇ, ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಲೇ, "ಅತ್ತಿ, ನಾಳೆ ಸಂಜಿಕ ನಾವಿಬ್ರೂ ಬಾರಾ ಕಮಾನ್ ಕಡೆ ಒಂದಿಷ್ಟು ಅಡ್ಡಾಡಿ ಬರ್ತೀವ್ರಿ, ಏಳಕ್ಕ ಮನ್ಯಾಗ ಇರ್ತೀವಿ" ಎಂದು ಹೇಳಿಬಿಡಿ. ಮಾತಿನಲ್ಲಿ ಜಾಗವೂ ಇದೆ, ಮರಳುವ ಹೊತ್ತೂ ಇದೆ. ಹಿರಿಯರಿಗೆ ಬೇಕಾಗುವುದು ಈ ಎರಡೇ. ಈ ಮಾತನ್ನು ಗಂಡನೇ ತನ್ನ ತಾಯಿಗೆ ಹೇಳಿದರೆ ಇನ್ನೂ ಒಳ್ಳೆಯದು. ಸೊಸೆಯ ಮೇಲೆ ಹೊರೆ ಬೀಳುವುದಿಲ್ಲ. ಏಳಕ್ಕೆ ಎಂದರೆ ಏಳಕ್ಕೇ ಬನ್ನಿ, ಎರಡನೇ ಸಲ ಕೇಳುವುದು ಸುಲಭವಾಗುತ್ತದೆ.

ಚಿಕ್ಕ ಮಕ್ಕಳಿದ್ದರೆ ನೆಗೆಣ್ಣಿಯ ಜೊತೆಗೋ ಓಣಿಯ ಗೆಳತಿಯ ಜೊತೆಗೋ ಒಪ್ಪಂದ ಮಾಡಿಕೊಳ್ಳಿ: ಈ ವಾರ ಅವರು ನಿಮ್ಮ ಮಕ್ಕಳನ್ನು ನೋಡಿಕೊಳ್ಳಲಿ, ಮುಂದಿನ ವಾರ ನೀವು ಅವರ ಮಕ್ಕಳನ್ನು. ಹೀಗೆ ಮಾಡಿದರೆ ಒಂದರ ಬದಲು ಎರಡು ಜೋಡಿಗಳಿಗೆ ಬಿಡುವು ಸಿಗುತ್ತದೆ.

ನಿಶ್ಚಯವಾಗಿ ಮದುವೆಗೆ ಕಾಯುತ್ತಿರುವವರಿಗೂ ಇದೇ ಮಾತು. ಎರಡೂ ಮನೆಗೆ ಗೊತ್ತಿರುವಂತೆ, ಹಗಲು ಹೊತ್ತಿನಲ್ಲಿ, ನಾಲ್ಕು ಜನ ಓಡಾಡುವ ತೋಟ, ಸ್ಮಾರಕಗಳನ್ನೇ ಆರಿಸಿಕೊಳ್ಳಿ. ನಿರ್ಜನ ಜಾಗದಲ್ಲಿ ಮನಸ್ಸು ಹಗುರವಾಗಿ ಮಾತಾಡಲು ಬರುವುದಿಲ್ಲ. ಯಾರು ಬಂದಾರೋ ಎಂದು ಕಣ್ಣು ದಾರಿಯ ಮೇಲೇ ಇರುತ್ತದೆ.

ಹೆಜ್ಜೆ 3: ರೊಕ್ಕ ಬೇರೆ ತೆಗೆದಿಡಿ

ಇಬ್ಬರಿಗೂ ಸೇರಿ ಇನ್ನೂರು ರೂಪಾಯಿ. ಅದನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಡಿ, ಫೋನಿನಿಂದ ಕೊಡಬೇಡಿ. ಫೋನು ತೆಗೆದರೆ ಮೆಸೇಜು ಕಾಣುತ್ತದೆ, ಮೆಸೇಜು ಕಂಡರೆ ಉತ್ತರ ಕೊಡಬೇಕೆನಿಸುತ್ತದೆ.

ಲೆಕ್ಕ ಹೀಗಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಗುರುತಿನ ಚೀಟಿ ಇಟ್ಟುಕೊಂಡರೆ ಆಯಿತು. ಅಂದರೆ ಬಸ್ಸಿಗೆ ಒಬ್ಬರ ಖರ್ಚು ಮಾತ್ರ. ಗೋಳಗುಮ್ಮಟಕ್ಕೂ ಇಬ್ರಾಹಿಂ ರೋಜಾಕ್ಕೂ ಭಾರತೀಯರಿಗೆ ತಲೆಗೆ 25 ರೂಪಾಯಿ, ಇಬ್ಬರಿಗೆ 50. ಬಾರಾ ಕಮಾನ್, ಗಗನ ಮಹಲ್, ಉಪಲಿ ಬುರುಜಿಗೆ ಟಿಕೆಟ್ ಇಲ್ಲ. ಉಳಿದದ್ದು ಗಿರ್ಮಿಟ್, ಮಿರ್ಚಿ ಭಜಿ, ಚಹಾಕ್ಕೆ. ಟಿಕೆಟ್ ಇಲ್ಲದ ಜಾಗಕ್ಕೆ ಹೋದ ದಿನ ಮಿಕ್ಕ ರೊಕ್ಕವನ್ನು ಡಬ್ಬಿಯಲ್ಲಿ ಹಾಕಿಟ್ಟರೆ ಮುಂದೆ ಹೇಳುವ ಬಾದಾಮಿ ಪ್ರವಾಸಕ್ಕೆ ಆಗುತ್ತದೆ.

ಹೆಜ್ಜೆ 4: ಮೊದಲ ಸಲ ಗೋಳಗುಮ್ಮಟಕ್ಕೇ ಹೋಗಿ

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಗಂಡ ಹೆಂಡತಿ ಮಾತಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿ ಪೂರ್ಣಗೊಂಡಿದ್ದು 1656ರಲ್ಲಿ. ಒಳಗೆ ಒಂದೂ ಕಂಬವಿಲ್ಲದೆ ನಿಂತ ಗುಮ್ಮಟ. ಅದರ ಬುಡದಲ್ಲಿ ಸುತ್ತಲೂ ಪಿಸುಮಾತಿನ ಗ್ಯಾಲರಿ. ಈ ಬದಿಯಿಂದ ಆ ಬದಿಗೆ ಸುಮಾರು 38 ಮೀಟರ್. ಇಲ್ಲಿ ಒಬ್ಬರು ಗೋಡೆಗೆ ಮುಖ ಮಾಡಿ ಮೆಲ್ಲಗೆ ಅಂದ ಮಾತು ಎದುರು ಬದಿಯ ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಬಯಲಿನಲ್ಲಾದರೆ ದನಿ ಎಲ್ಲ ಕಡೆಗೂ ಚೆದುರಿ ಕುಂದುತ್ತದೆ. ಇಲ್ಲಿ ದುಂಡು ಗೋಡೆಗೆ ತಗುಲಿ ತಗುಲಿ, ಅದರ ಗುಂಟ ಸಾಗುವುದರಿಂದ ದೂರದವರೆಗೂ ಬಾಳುತ್ತದೆ. ಬಂದವರೆಲ್ಲ ಮಾಡುವುದೇನು? ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಅದು ಏಳೆಂಟು ಸಲ ಮರುದನಿಸುವುದನ್ನು ಕೇಳಿ ನಗುತ್ತಾರೆ, ಇಳಿಯುತ್ತಾರೆ. ಆ ಜಾಗದ ನಿಜವಾದ ಸೊಗಸು ಕೂಗುವುದರಲ್ಲಿಲ್ಲ, ಪಿಸುಗುಡುವುದರಲ್ಲಿದೆ.

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಎತ್ತರ, ನೂರಕ್ಕೂ ಹೆಚ್ಚು. ಮೊಣಕಾಲು ನೋವಿದ್ದವರು ಈ ಹೆಜ್ಜೆ ಬಿಟ್ಟು ಇಬ್ರಾಹಿಂ ರೋಜಾಕ್ಕೆ ಹೋಗಿ. ಒಂದು ಬಾಟಲಿ ನೀರು ಇರಲಿ. ಅಂತಸ್ತಿಗೊಮ್ಮೆ ನಿಂತು ಕಿಂಡಿಯಿಂದ ಊರು ನೋಡುತ್ತ ಹತ್ತಿ; ಅವಸರ ಬೇಡ.

ಮೇಲೆ ಹೋದ ಮೇಲೆ ಇಬ್ಬರೂ ಎದುರುಬದುರು ಬದಿಗೆ ಹೋಗಿ ನಿಲ್ಲಿ. ಕೈ ಎತ್ತಿ ಸನ್ನೆ ಮಾಡಿ. ಸನ್ನೆ ಮಾಡಿದವರು ಗೋಡೆಗೆ ಹತ್ತಿರವಾಗಿ ಮುಖ ತಿರುಗಿಸಿ, ಅರ್ಧ ದನಿಯಲ್ಲಿ, ಒಂದೊಂದು ಪದ ಬಿಡಿಸಿ ಹೇಳಬೇಕು. ಇನ್ನೊಬ್ಬರು ಕಿವಿಯನ್ನು ಗೋಡೆಯ ಬಳಿ ಇಟ್ಟು ಸುಮ್ಮನೆ ಕೇಳಬೇಕು. ಮಾತು ಮುಗಿದ ಮೇಲೆ ನಾಲ್ಕು ಉಸಿರು ಕಾಯಿರಿ, ಮರುದನಿ ಅಡಗಲಿ, ಆಮೇಲೆ ಉತ್ತರ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಕಲಸಿ ಹೋಗುತ್ತದೆ. ಗೋಡೆಯ ಗುಂಟ ನಿಂತ ಮೂರನೆಯವರಿಗೂ ಮಾತು ಮುಟ್ಟಬಹುದು ಎಂಬುದು ನೆನಪಿರಲಿ. ಬೆಳಗಿನ ಮೊದಲ ಹೊತ್ತಿಗೆ ಹೋಗಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಏನು ಹೇಳುವುದು? ಮನೆಯಿಂದಲೇ ಮೂರು ಮಾತು ಯೋಚಿಸಿಕೊಂಡು ಹೋಗಿ. ಮೊದಲನೆಯದು, ಹೇಳದೆ ಉಳಿದುಹೋದ ಒಂದು ಉಪಕಾರ. "ಹ್ವಾದ ತಿಂಗಳ ನನಗ ಜ್ವರಾ ಬಂದಾಗ ರಾತ್ರಿ ಎಲ್ಲಾ ಎದ್ದು ಕುಂತಿದ್ರಿ. ನಾ ಏನೂ ಅನ್ನಲಿಲ್ಲ. ನನಗ ಎಲ್ಲಾ ಗೊತ್ತಾಗಿತ್ತು." ಎರಡನೆಯದು, ಇತ್ತೀಚೆಗೆ ಅವರಲ್ಲಿ ಇಷ್ಟವಾದ ಒಂದು ಸಣ್ಣ ಸಂಗತಿ. ಮೂರನೆಯದು, ಒಂದು ಆಸೆ. ದೊಡ್ಡದಾಗಿದ್ದರೂ ಪರವಾಗಿಲ್ಲ, ಆಗದಿದ್ದರೂ ಪರವಾಗಿಲ್ಲ. ಎದುರಾ ಎದುರು ಕುಳಿತು ಇಂಥ ಮಾತು ಆಡಲು ನಮ್ಮ ಕಡೆಯವರಿಗೆ, ಅದರಲ್ಲೂ ಗಂಡಸರಿಗೆ, ಬಹಳ ಸಂಕೋಚ. ಮುಖ ಗೋಡೆಗಿರುವಾಗ, ಕೇಳುವವರ ಕಣ್ಣು ಕಾಣದಿರುವಾಗ ನಾಲಿಗೆ ಸಡಿಲಾಗುತ್ತದೆ. ನಮ್ಮ ಮನೆಯವರು ಮಾತು ಕಡಿಮೆಯವರು; ಅಲ್ಲಿ ಗೋಡೆಗೆ ಮುಖ ಮಾಡಿ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವು ನನಗೆ ಸೀರೆಗಿಂತ, ಬಂಗಾರಕ್ಕಿಂತ ಹೆಚ್ಚು.

ಆ ಮೇಲೆ ಗುಮ್ಮಟದ ಹೊರಗಿನ ಮಾಳಿಗೆಗೆ ಬಂದು ಊರು ನೋಡಿ. ನಿಮ್ಮ ಓಣಿ ಯಾವ ಕಡೆ, ತವರೂರಿನ ದಾರಿ ಯಾವ ಕಡೆ ಎಂದು ಹುಡುಕಿ.

ಒಂದು ಮಾತು ಖಂಡಿತ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಬರೆಯಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ದಂಡ ಹಾಗಿರಲಿ, ಮೂರೂವರೆ ಶತಮಾನ ನಿಂತ ಗೋಡೆಯ ಮೇಲೆ ಹೃದಯದ ಗುರುತು ಗೀಚುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಜ್ಜೆ 5: ಪಡುವಣ ದಿಕ್ಕಿನ ಸಂಜೆ

ಗೋಳಗುಮ್ಮಟ ಊರಿನ ಮೂಡಣಕ್ಕಿದ್ದರೆ ಇಬ್ರಾಹಿಂ ರೋಜಾ ಪಡುವಣಕ್ಕೆ. ಒಂದೇ ಜಗುಲಿಯ ಮೇಲೆ ಒಂದು ಕಡೆ ಸಮಾಧಿ, ಇನ್ನೊಂದು ಕಡೆ ಮಸೀದಿ, ಸುತ್ತ ತೋಟ. ಇಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಮತ್ತು ಅವನ ರಾಣಿ ತಾಜ್ ಸುಲ್ತಾನ ಇಬ್ಬರೂ ಮಲಗಿದ್ದಾರೆ. ಕಟ್ಟಿಸಲು ಹೊರಟಿದ್ದು ರಾಣಿಗಾಗಿ, ಆದರೆ 1627ರಲ್ಲಿ ರಾಜ ತೀರಿಕೊಂಡಾಗ ಅವನನ್ನೂ ಇಲ್ಲೇ ಮಣ್ಣು ಮಾಡಿದರು ಎನ್ನುತ್ತಾರೆ. ಕಟ್ಟಡದ ಉಸ್ತುವಾರಿ ಮಲಿಕ್ ಸಂದಲ್‌ನದು. ರಾಜ ಸಂಗೀತದ ಹುಚ್ಚಿನವನು, ಹಾಡು ಕಟ್ಟಿದವನು, ಜನ ಅವನನ್ನು ಜಗದ್ಗುರು ಎಂದು ಕರೆದರು.

ಇಲ್ಲಿ ಮಾಡುವ ಕೆಲಸ: ಇಬ್ಬರೂ ಬೇರೆ ಬೇರೆ ದಿಕ್ಕಿನಿಂದ ಸಮಾಧಿಯ ಪಡಸಾಲೆಯನ್ನು ಒಂದು ಸುತ್ತು ಹಾಕಿ. ಕಲ್ಲಿನಲ್ಲೇ ಅಕ್ಷರ ಕೊರೆದು ಮಾಡಿದ ಜಾಲಂಧ್ರದ ಕಿಟಕಿಗಳು, ಬಳ್ಳಿಗಳು, ಮೂಲೆಯ ಮಿನಾರುಗಳು. ಮತ್ತೆ ಎದುರಾದಾಗ ಒಬ್ಬೊಬ್ಬರೂ ತಾನು ಕಂಡ, ಇನ್ನೊಬ್ಬರು ಕಾಣದ ಒಂದು ಸಂಗತಿಯನ್ನು ಕರೆದುಕೊಂಡು ಹೋಗಿ ತೋರಿಸಿ. ಮಕ್ಕಳ ಆಟದಂತೆ ಕಾಣಬಹುದು. ಆದರೆ "ಬಾ, ಇಲ್ಲಿ ನೋಡು" ಎಂದು ಕೈ ಹಿಡಿದು ಎಳೆಯುವುದು ಮದುವೆಯಾಗಿ ಹತ್ತು ವರ್ಷದ ಮೇಲೆ ಎಷ್ಟು ಮನೆಗಳಲ್ಲಿ ಉಳಿದಿರುತ್ತದೆ?

ಖರ್ಚಿಲ್ಲದೆ ಸೂರ್ಯ ಮುಳುಗುವುದನ್ನು ನೋಡಬೇಕಾದರೆ ಉಪಲಿ ಬುರುಜು. ಸುಮಾರು 24 ಮೀಟರ್ ಎತ್ತರದ ಕಾವಲು ಗೋಪುರ, ಹೊರಮೈ ಸುತ್ತಿ ಹತ್ತುವ ಮೆಟ್ಟಿಲು, ತುದಿಯಲ್ಲಿ ಉದ್ದನೆಯ ತೋಪುಗಳು. ಹತ್ತುವಾಗ ಒಬ್ಬರ ಹಿಂದೆ ಒಬ್ಬರು ಇರಿ, ಕತ್ತಲಾಗುವ ಮೊದಲು ಇಳಿಯಿರಿ. ಹತ್ತಲಾಗದವರು ಬಾರಾ ಕಮಾನಿಗೆ ಹೋಗಿ ಹುಲ್ಲಿನ ಮೇಲೆ ಕುಳಿತುಕೊಳ್ಳಿ. ಎರಡನೇ ಅಲಿ ಆದಿಲ್ ಶಾಹನ ಸಮಾಧಿ ಅದು, ಅರ್ಧಕ್ಕೇ ನಿಂತದ್ದು. ಮೇಲ್ಛಾವಣಿ ಇಲ್ಲದ ಕಪ್ಪು ಕಮಾನುಗಳ ನಡುವೆ ಸಂಜೆಯ ಆಕಾಶ ಚೆನ್ನಾಗಿ ಕಾಣುತ್ತದೆ. ಇಡೀ ಊರಿನಲ್ಲಿ ಸುಮ್ಮನೆ ಕೂರಲು ನನಗೆ ಅತಿ ಇಷ್ಟದ ಜಾಗ ಅದೇ.

ಟಾಂಗಾ ಇನ್ನೂ ಓಡುತ್ತಿರುವ ಊರು ನಮ್ಮದು. ಒಂದು ಸಲವಾದರೂ ಹಿಂದಿನ ಸೀಟಿನಲ್ಲಿ ಇಬ್ಬರೇ ಕುಳಿತು ಅಂದು ಆರಿಸಿದ ಜಾಗಕ್ಕೆ ಹೋಗಿ. ಬಾಡಿಗೆ ಹತ್ತುವ ಮೊದಲೇ ಮಾತಾಡಿ.

ಹೆಜ್ಜೆ 6: ಮಾಳಿಗೆಯ ಮೇಲೆ ಗಿರ್ಮಿಟ್

ಹೊರಗೆ ಹೋಗಲಾಗದ ವಾರಕ್ಕೆ ಇದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಮಕ್ಕಳು, ಹಿರಿಯರು ಮಲಗಿದ ಮೇಲೆ ಒಂದು ತಾಸು ಇಬ್ಬರದು. ಗಿರ್ಮಿಟ್ಟನ್ನು ಇಬ್ಬರೂ ಸೇರಿಯೇ ಮಾಡಬೇಕು. ಒಬ್ಬರು ಮಾಡಿ ಇನ್ನೊಬ್ಬರು ತಿಂದರೆ ಅದು ದಿನದ ಅಡುಗೆಯೇ ಆಗುತ್ತದೆ.

ಇಬ್ಬರಿಗೆ ನಾಲ್ಕು ಬಟ್ಟಲು ಚುರುಮುರಿ. ಅರ್ಧ ನಿಂಬೆಹಣ್ಣಿನಷ್ಟು ಹುಣಸೆಹಣ್ಣನ್ನು ನೆನೆಹಾಕಿ ಹಿಂಡಿಟ್ಟುಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಎರಡು ಹಸಿಮೆಣಸಿನಕಾಯಿ. ಮೇಲೆ ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಒಂದು ಟೊಮೆಟೊ, ಚಿಟಿಕೆ ಅರಿಶಿಣ. ಮೆತ್ತಗಾದ ಮೇಲೆ ಹುಣಸೆ ನೀರು, ಅಷ್ಟೇ ಬೆಲ್ಲ, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ಕುದಿಸಿ, ಆರಿಸಿ. ಇದನ್ನು ಗಂಡ ಮಾಡಲಿ, ಕಷ್ಟದ್ದೇನಲ್ಲ. ಹೆಂಡತಿ ಪುಟಾಣಿ ಪುಡಿ ಮಾಡಿಕೊಂಡು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹೆಚ್ಚಿಕೊಳ್ಳಲಿ. ಎಲ್ಲವನ್ನೂ ಬೇರೆ ಬೇರೆಯಾಗಿಯೇ ಮಾಳಿಗೆಗೆ ಒಯ್ದು, ತಿನ್ನುವ ಹೊತ್ತಿಗೆ ಕಲಸಿ, ಮೂರು ಚಮಚ ಪುಟಾಣಿ ಹಿಟ್ಟು, ಮೇಲೆ ಸೇವು ಉದುರಿಸಿ. ಮೊದಲೇ ಕಲಸಿದರೆ ಚುರುಮುರಿ ಮೆತ್ತಗಾಗಿ ರುಚಿ ಹೋಗುತ್ತದೆ. ಒಂದೇ ತಟ್ಟೆ ಸಾಕು.

ಹೆಜ್ಜೆ 7: ಮಾತು

ಈ ಎರಡು ತಾಸಿನಲ್ಲಿ ಸಾಲದ ಕಂತು, ಮಕ್ಕಳ ಮಾರ್ಕ್ಸು, ಮನೆಯವರ ಮೇಲಿನ ದೂರು ಇವು ಮೂರೂ ಬೇಡ. ಅವಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ, ಅವು ಮುಖ್ಯವೇ. ಆದರೆ ಅವು ಬಂದು ಕುಳಿತರೆ ಬೇರೆ ಮಾತಿಗೆ ಜಾಗ ಉಳಿಯುವುದಿಲ್ಲ. ಮಾತು ನಿಂತುಹೋದರೆ ಹೀಗೆ ಕೇಳಿ: ನೀನು ಸಣ್ಣವನಿದ್ದಾಗ ಜಾತ್ರೆಯಲ್ಲಿ ಏನು ಕೊಳ್ಳಬೇಕೆಂದು ಅತ್ತಿದ್ದೆ? ನನ್ನನ್ನು ನೋಡಲು ಬಂದ ದಿನ ಮನೆಗೆ ಹೋಗಿ ಏನು ಹೇಳಿದಿರಿ? ಸುಮ್ಮನಿರುವುದೂ ತಪ್ಪಲ್ಲ, ಫೋನು ಕೈಗೆ ಬಾರದಿದ್ದರೆ ಸಾಕು.

ಹೆಜ್ಜೆ 8: ಚಳಿಗಾಲಕ್ಕೆ ಸೀತನಿ

ಡಿಸೆಂಬರ್, ಜನವರಿಯಲ್ಲಿ ಜೋಳದ ತೆನೆ ಹಾಲುಗಾಳಾಗುವ ಹೊತ್ತಿಗೆ ಸಂಬಂಧಿಕರ ಹೊಲಕ್ಕೆ ಹೋಗಿ. ಎಳೆಯ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನಬೇಕು, ಅದೇ ಸೀತನಿ. ಹತ್ತಾರು ಮಂದಿ ಸೇರಿ ತಿನ್ನುವುದೇ ರೂಢಿ, ಆದರೂ ಹೊಲದ ಬದುವಿನ ಮೇಲೆ ಇಬ್ಬರೇ ನಡೆದು ಬರಲು ಯಾರೂ ಅಡ್ಡಿ ಮಾಡುವುದಿಲ್ಲ. ಬರಿಗೈಯಲ್ಲಿ ಹೋಗಬೇಡಿ, ಹೊಲದವರ ಮಕ್ಕಳಿಗೆ ಏನಾದರೂ ಒಯ್ಯಿರಿ.

ಹೆಜ್ಜೆ 9: ಡಬ್ಬಿ ತುಂಬಿದಾಗ ಬಾದಾಮಿ

ವಿಜಯಪುರದಿಂದ ಗದಗ ಕಡೆಗಿನ ರೈಲು ಮಾರ್ಗದಲ್ಲಿ ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಬರುತ್ತವೆ. ಆಲಮಟ್ಟಿಯ ತೋಟವೂ ಚೆಂದ, ಆದರೆ ಸಂಗೀತ ಕಾರಂಜಿ ನೋಡಬೇಕಾದರೆ ಕತ್ತಲಾಗಬೇಕು, ಮರಳುವ ಚಿಂತೆ. ಇಬ್ಬರಿಗಾದರೆ ನನ್ನ ಮತ ಬಾದಾಮಿಗೆ. ಬೆಳಗಿನ ರೈಲಿನಲ್ಲಿ ಜನರಲ್ ಟಿಕೆಟ್ ತೆಗೆದುಕೊಂಡು, ಕಿಟಕಿ ಬದಿಗೆ ಕುಳಿತು, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರಿನ ಬುತ್ತಿ ಬಿಚ್ಚಿ. ಬುತ್ತಿ ರೈಲಿನಲ್ಲೇ ಮುಗಿಯಲಿ. ಬಾದಾಮಿಯ ಮಂಗಗಳು ಕೈಯಲ್ಲಿದ್ದ ಚೀಲವನ್ನೂ ಬಿಡುವುದಿಲ್ಲ. ಸ್ಟೇಷನ್ ಊರಿನಿಂದ ಐದು ಕಿಲೋಮೀಟರಿನಷ್ಟು ದೂರ, ಹಂಚಿಕೊಂಡು ಹೋಗುವ ಆಟೊ ಸಿಗುತ್ತದೆ.

ನಾಲ್ಕು ಗುಹೆಗಳಲ್ಲಿ ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳಿಕೆಯಲ್ಲಿ ಮಾಡಿಸಿದ, 578ರ ಶಾಸನವಿರುವ ವೈಷ್ಣವ ಗುಹೆ ಅದು. ದೊಡ್ಡ ವಿಷ್ಣುವಿನ ಮೂರ್ತಿಗಳನ್ನು ನೋಡಿ ಎಲ್ಲರೂ ಹೊರಟುಬಿಡುತ್ತಾರೆ. ನೀವು ತಲೆ ಎತ್ತಿ ಕಂಬಗಳ ಮೇಲ್ತುದಿಯ ಚಾಚುಗಳನ್ನು ನೋಡಿ: ಮರದ ಕೆಳಗೆ ನಿಂತ ಜೋಡಿಗಳು. ಒಬ್ಬಳು ಅವನ ಹೆಗಲಿಗೆ ಒರಗಿದ್ದಾಳೆ, ಇನ್ನೊಬ್ಬ ಅವಳ ಕಡೆ ಬಾಗಿದ್ದಾನೆ. ಒಂದಕ್ಕೊಂದು ಭಂಗಿ ಬೇರೆ. ಸುತ್ತಿ ನೋಡಿ, ನಿಮ್ಮಿಬ್ಬರಿಗೆ ಹೊಂದುವ ಜೋಡಿ ಯಾವುದೆಂದು ಆರಿಸಿ. ಇಬ್ಬರೂ ಬೇರೆ ಬೇರೆ ಆರಿಸಿದರೆ ಯಾಕೆಂದು ಕೇಳಿಕೊಳ್ಳಿ. ಆ ಮಾತೇ ಸಂಜೆವರೆಗೂ ಸಾಗುತ್ತದೆ. ಮಧ್ಯಾಹ್ನ ಬನಶಂಕರಿಗೆ ಹೋದರೆ ಬುಟ್ಟಿ ಹೊತ್ತ ಅವ್ವಂದಿರು ರೊಟ್ಟಿ, ಕಾಳಿನ ಪಲ್ಯ, ಗಡಿಗೆ ಮೊಸರು ಬಡಿಸುತ್ತಾರೆ. ಅದಕ್ಕಿಂತ ಕಡಿಮೆ ರೊಕ್ಕದಲ್ಲಿ, ಅದಕ್ಕಿಂತ ರುಚಿಯಾಗಿ ಯಾವ ಹೋಟೆಲಿನಲ್ಲೂ ಊಟ ಸಿಗುವುದಿಲ್ಲ. ಬಿಸಿಲಿಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆಗುಂಟ ಭೂತನಾಥ ಗುಡಿಯವರೆಗೆ ನಡೆಯಿರಿ. ಮರಳುವ ರೈಲಿನ ಹೊತ್ತನ್ನು ಇಳಿದ ಕೂಡಲೇ ಸ್ಟೇಷನ್ನಿನಲ್ಲಿ ಕೇಳಿಟ್ಟುಕೊಳ್ಳಿ. ತಪ್ಪಿದರೆ ಬಾಗಲಕೋಟೆ ಮೇಲೆ ಬಸ್ಸಿದೆ.

ಹೆಜ್ಜೆ 10: ಮುಂದಿನ ತಾರೀಖು

ಮನೆಯ ಹೊಸ್ತಿಲು ದಾಟುವ ಮೊದಲೇ ಮುಂದಿನ ದಿನ ಗೊತ್ತು ಮಾಡಿ. ಜಾಗ ಆರಿಸುವ ಪಾಳಿ ಒಂದು ಸಲ ಅವರದು, ಒಂದು ಸಲ ನಿಮ್ಮದು. ಆರಿಸಿದವರ ಮಾತಿಗೆ ಇನ್ನೊಬ್ಬರು ಇಲ್ಲ ಅನ್ನಬಾರದು. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಆ ತಾರೀಖಿಗೆ ಒಂದು ಸುತ್ತು ಹಾಕಿಡಿ.